ತಲೆ ಎಣಿಸಿದರು, ಮಾತು ಕೇಳಲಿಲ್ಲ

ಕನ್ನಡ ಸಿನಿಮಾದ ಚರಿತ್ರೆ ಬರೆದವರಿಗೆ ಕೊರತೆಯಿಲ್ಲ. 1934ರ ಮಾರ್ಚ್‌ನಲ್ಲಿ ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ‘ಸತಿ ಸುಲೋಚನಾ’ ತೆರೆ ಕಂಡ ದಿನದಿಂದ ಹಿಡಿದು ಯಾವ ಚಿತ್ರವನ್ನು ಯಾರು ತೆಗೆದರು, ಎಷ್ಟು ವಾರ ಓಡಿತು, ಯಾವ ಪದಕ ಬಂತು ಎಂಬುದೆಲ್ಲ ದಾಖಲಾಗಿದೆ. ಆದರೆ ಆ ಚಿತ್ರಗಳನ್ನು ನೋಡಿ ಹೊರಗೆ ಬಂದವರು ಏನು ಹೇಳಿದರು, ಯಾವುದನ್ನು ಒಪ್ಪಿದರು, ಯಾವುದಕ್ಕೆ ಮುಖ ಸಿಂಡರಿಸಿದರು, ಯಾಕೆ ಎಂದು ಹುಡುಕಿದರೆ ಸಿಗುವುದು ಬಹಳ ಕಡಿಮೆ. ಪೋಸ್ಟರಿನಲ್ಲಿ ‘ಪ್ರೇಕ್ಷಕ ಮಹಾಪ್ರಭು’ ಎಂದು ಕರೆಸಿಕೊಂಡವನ ಅಭಿಪ್ರಾಯವೇ ಚರಿತ್ರೆಯಲ್ಲಿ ಎಲ್ಲಕ್ಕಿಂತ ತೆಳುವಾದ ಭಾಗ. ಸಾಮಾನ್ಯ ನೋಡುಗನಿಗೆ ಹೇಳುವಂಥ ಅಭಿಪ್ರಾಯವೇ ಇರಲಿಲ್ಲ, ಅವನಿಗೆ ಹಾಡು, ಹೊಡೆದಾಟ, ಕಣ್ಣೀರು ಸಾಕಿತ್ತು ಎಂಬ ನಂಬಿಕೆ ಉದ್ಯಮದಲ್ಲೂ ಬುದ್ಧಿಜೀವಿಗಳಲ್ಲೂ ಬೇರೂರಿದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಅಭಿಪ್ರಾಯ ಮೊದಲಿನಿಂದಲೂ ಇತ್ತು, ಅದರ ಹಿಂದೆ ವಿಚಾರವೂ ಇತ್ತು. ಉದ್ಯಮ, ಸರ್ಕಾರ, ವಾಹಿನಿ ಎಲ್ಲರೂ ನೋಡುಗನ ತಲೆ ಎಣಿಸಿದರು. ಅವನ ಮಾತನ್ನು ಕೇಳಿದ್ದು ಎಲ್ಲೋ ಕೆಲವು ಸಲ, ಮತ್ತು ಕೇಳಿದಾಗಲೆಲ್ಲ ಸಿಕ್ಕಿದ ಉತ್ತರ ಎಣಿಸಿದವರ ಊಹೆಗಿಂತ ಬೇರೆಯಾಗಿತ್ತು.

ಸಿನಿಮಾ ಬರುವ ಮೊದಲು ಹೀಗಿರಲಿಲ್ಲ. ಕಂಪನಿ ನಾಟಕದ ಕಾಲದಲ್ಲಿ ಪ್ರೇಕ್ಷಕನ ತೀರ್ಪು ಅಲ್ಲೇ, ಆ ಕ್ಷಣದಲ್ಲೇ ರಂಗದ ಮೇಲಿದ್ದವರಿಗೆ ತಲುಪುತ್ತಿತ್ತು. ಗುಬ್ಬಿ ಕಂಪನಿಯಂಥ ದೊಡ್ಡ ಮಂಡಳಿಗಳ ನಾಟಕಗಳಲ್ಲೂ ‘ಒನ್ಸ್ ಮೋರ್’ ಕೂಗು ಬಿದ್ದರೆ ನಟ ಕಥೆಯನ್ನು ಅಲ್ಲಿಗೇ ನಿಲ್ಲಿಸಿ ಹಾಡನ್ನು ಮತ್ತೆ ಹಾಡಬೇಕಿತ್ತು. ಹಿಡಿಸದಿದ್ದರೆ ಅದೂ ಜೋರಾಗಿಯೇ ತಿಳಿಯುತ್ತಿತ್ತು. ಇದರಿಂದ ನಾಟಕದ ಓಟ ಕೆಡುತ್ತಿತ್ತು ಎಂಬ ದೂರು ನ್ಯಾಯವಾದದ್ದೇ. ಆದರೂ ನಾಟಕದ ಯಾವ ಭಾಗ ಹಿಡಿಸಿತು ಎಂಬ ನಿಖರವಾದ ಸುದ್ದಿ ಮಾಲೀಕನಿಗೆ ಪ್ರತಿ ರಾತ್ರಿ ಪುಕ್ಕಟೆ ಸಿಗುತ್ತಿತ್ತು, ಮರುದಿನದ ಆಟ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಬಹುದಿತ್ತು. ಟಾಕಿ ಬಂದಾಗ ಈ ದಾರಿ ಮುಚ್ಚಿತು. ಪರದೆಯ ಮೇಲಿನ ನಟ ಶಿಳ್ಳೆಗೂ ಬೈಗುಳಕ್ಕೂ ಉತ್ತರ ಕೊಡಲಾರ. ರೀಲು ತನ್ನ ಪಾಡಿಗೆ ತಾನು ಸುತ್ತುತ್ತದೆ. 1954ರ ‘ಬೇಡರ ಕಣ್ಣಪ್ಪ’ ಸಿನಿಮಾ ಆಗುವ ಮೊದಲೇ ಗುಬ್ಬಿ ಕಂಪನಿಯ ನಾಟಕವಾಗಿ ಹೆಸರು ಮಾಡಿತ್ತು. ಅದನ್ನು ರಂಗದ ಮೇಲೆ ನೋಡಿದ್ದವರು ಟೆಂಟಿನಲ್ಲಿ ಮತ್ತೆ ನೋಡುವಾಗ ಕೈಯಲ್ಲಿ ಒಂದು ಹೋಲಿಕೆ ಹಿಡಿದೇ ಕೂತಿದ್ದರು. ಅವರಾಡಿಕೊಂಡ ಮಾತು ಮಾತ್ರ ಟೆಂಟಿನ ಆಚೆ ಹೋಗಲಿಲ್ಲ.

ಟೆಂಟಿನಾಚೆ, ಗಾಂಧಿನಗರದ ಹಂಚಿಕೆದಾರರ ಕಚೇರಿಗೆ ಹೋದದ್ದು ಡಿಸಿಆರ್, ಅಂದರೆ ದಿನದ ವಸೂಲಿ ಹಾಳೆ. ಆ ಹಾಳೆಯನ್ನು ಗಮನವಿಟ್ಟು ನೋಡಬೇಕು. ಆಟದ ಹೊತ್ತು, ಬಾಲ್ಕನಿಯಿಂದ ಗಾಂಧಿ ಕ್ಲಾಸಿನವರೆಗೆ ದರ್ಜೆ, ಆ ದರ್ಜೆಯ ಟಿಕೆಟ್ ದರ, ಮಾರಾಟವಾದ ಟಿಕೆಟ್‌ಗಳ ಮೊದಲ ಸಂಖ್ಯೆ, ಕೊನೆಯ ಸಂಖ್ಯೆ, ಮನರಂಜನಾ ತೆರಿಗೆ, ಕಳೆದು ಉಳಿದ ಹಣ. ಎಷ್ಟು ಜನ ಒಳಗೆ ಬಂದರು ಎಂಬುದು ಅದರಲ್ಲಿ ಒಂದು ಟಿಕೆಟ್ಟೂ ತಪ್ಪದಂತೆ ಇರುತ್ತಿತ್ತು. ಅವರು ಹೇಗೆ ಹೊರಗೆ ಹೋದರು ಎಂಬುದಕ್ಕೆ ಕಾಲಮ್ಮೇ ಇರಲಿಲ್ಲ. ಸಿನಿಮಾ ಹೇಗಿದೆ ಎಂಬುದನ್ನು ಹತ್ತಾರು ವರ್ಷ ಈ ಒಂದು ಹಾಳೆಯಿಂದ ಓದಿ ಹೇಳಲಾಯಿತು. ನಮ್ಮ ಜನಕ್ಕೆ ಇದೇ ಬೇಕು, ಚಿಕ್ಕ ಊರುಗಳ ಬಿ ಸೆಂಟರ್ ಸಿ ಸೆಂಟರ್‌ನವರಿಗೆ ಇದು ಅರ್ಥವಾಗದು ಎಂಬ ಮಾತುಗಳೆಲ್ಲ ಈ ಹಾಳೆಯ ಬಲದಿಂದಲೇ ಹುಟ್ಟಿದವು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಬಲವಾದದ್ದು ಕೂಡ. ಜೇಬಿನಿಂದ ದುಡ್ಡು ಕೊಟ್ಟು ಟಿಕೆಟ್ ತೆಗೆಯುವುದಕ್ಕಿಂತ ಪ್ರಾಮಾಣಿಕ ಅಭಿಪ್ರಾಯ ಯಾವುದಿದೆ? ಬಾಯಿಮಾತಿನಲ್ಲಿ ಒಳ್ಳೆಯ ಚಿತ್ರ ಹೊಗಳಿ, ಟಿಕೆಟ್ಟಿಗೆ ಬೇರೆ ಕಡೆ ಸಾಲಿನಲ್ಲಿ ನಿಲ್ಲುವವರು ಎಷ್ಟಿಲ್ಲ? ಇದರಲ್ಲಿ ಸತ್ಯವಿದೆ, ಆದರೆ ಆ ಸತ್ಯ ಒಂದು ಕಾಲಕ್ಕೆ ಸೇರಿದ್ದು. 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತೆಂದರೆ, ಅದು ಖಂಡಿತ ಅಭಿಪ್ರಾಯವೇ. ಆಗ ಪ್ರಿಂಟುಗಳು ಕೆಲವೇ ಇದ್ದವು, ಚಿತ್ರ ಮೊದಲು ದೊಡ್ಡ ಊರುಗಳಲ್ಲಿ ಬಿಡುಗಡೆಯಾಗಿ ತಿಂಗಳುಗಳ ನಂತರ ಚಿಕ್ಕ ಊರು, ಆಮೇಲೆ ಟೆಂಟು ಸೇರುತ್ತಿತ್ತು. ನೋಡಿದವನು ನೋಡದವನಿಗೆ ಹೇಳುವುದಕ್ಕೆ ಸಮಯವಿತ್ತು. ಎಂಟನೇ ವಾರದ ಟಿಕೆಟ್ಟು ಏಳನೇ ವಾರದ ಮಾತಿನಿಂದ ಮಾರಾಟವಾಗುತ್ತಿತ್ತು. ಆ ಚಿತ್ರ ನೋಡಿ ಪೇಟೆ ಬಿಟ್ಟು ಹಳ್ಳಿಗೆ ಮರಳಿ ಬೇಸಾಯಕ್ಕೆ ಇಳಿದ ಯುವಕರ ಕಥೆಗಳು ಇಂದಿಗೂ ಚಾಲ್ತಿಯಲ್ಲಿವೆ. ಈಗ ಒಂದೇ ಶುಕ್ರವಾರ ನೂರಾರು ಪರದೆಗಳಲ್ಲಿ ಚಿತ್ರ ಬಿಡುಗಡೆಯಾಗಿ, ಮೂರು ದಿನದ ವಸೂಲಿಯನ್ನೇ ಗೆಲುವು ಎಂದು ಸಾರಿದಾಗ, ಆ ದುಡ್ಡು ಕೊಟ್ಟವರಲ್ಲಿ ಬಹುಪಾಲು ಮಂದಿ ಚಿತ್ರವನ್ನು ನೋಡುವ ಮುಂಚೆಯೇ ಕೊಟ್ಟಿರುತ್ತಾರೆ. ಅದು ಪ್ರಚಾರದ ಅಳತೆ, ನಟನ ಮೇಲಿನ ಪ್ರೀತಿಯ ಅಳತೆ. ಚಿತ್ರದ ಮೇಲಿನ ಅಭಿಪ್ರಾಯವಲ್ಲ. ಹಳೆಯ ಶತದಿನೋತ್ಸವಕ್ಕಿದ್ದ ಅರ್ಥವನ್ನು ಇಂದಿನ ಕೋಟಿಯ ಲೆಕ್ಕಕ್ಕೆ ಆರೋಪಿಸುವುದು ಸರಿಯಲ್ಲ.

ಅರವತ್ತು, ಎಪ್ಪತ್ತರ ದಶಕದ ಪ್ರೇಕ್ಷಕನ ಬಗ್ಗೆ ಇನ್ನೊಂದು ಸಂಗತಿ ನಾವು ಸುಲಭವಾಗಿ ಮರೆಯುತ್ತೇವೆ. ಅವನು, ಅದಕ್ಕಿಂತ ಹೆಚ್ಚಾಗಿ ಅವಳು, ಓದುಗರಾಗಿದ್ದರು. ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಕೈಯಿಂದ ಕೈಗೆ ದಾಟಿದ ಕಾದಂಬರಿ ಮುಂದೆ ಸಿನಿಮಾ ಆಗುತ್ತಿತ್ತು. ತ್ರಿವೇಣಿಯವರ ‘ಬೆಳ್ಳಿ ಮೋಡ’, ‘ಹಣ್ಣೆಲೆ ಚಿಗುರಿದಾಗ’, ‘ಶರಪಂಜರ’, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’, ಟಿ.ಕೆ. ರಾಮರಾಯರ ‘ಬಂಗಾರದ ಮನುಷ್ಯ’ ಇವೆಲ್ಲ ಆ ಸಾಲಿನವು. ಹೀಗೆ ಚಿತ್ರಮಂದಿರಕ್ಕೆ ಬಂದವರ ಕೈಯಲ್ಲಿ ಸಿನಿಮಾದವರು ಕೊಡದ, ಸಿನಿಮಾದವರು ಕಸಿಯಲಾಗದ ಒಂದು ಅಳತೆಗೋಲಿತ್ತು. ‘ಶರಪಂಜರ’ದ ಕಾವೇರಿ ಕಾದಂಬರಿಯಲ್ಲಿ ಹೇಗಿದ್ದಳು, ನಟಿ ಕಲ್ಪನಾ ಅವಳನ್ನು ಎಲ್ಲಿಗೆ ಒಯ್ದರು ಎಂಬುದು ಮನೆಮನೆಯಲ್ಲಿ ಚರ್ಚೆಗೆ ಬರುವಂಥ ವಿಷಯ. ಹೆರಿಗೆಯ ನಂತರ ಮನಸ್ಸು ಕದಡಿ, ಗುಣವಾಗಿ ಮನೆಗೆ ಬಂದ ಹೆಣ್ಣನ್ನು ಮನೆಯವರು, ಬೀದಿಯವರು ಹೇಗೆ ನೋಡುತ್ತಾರೆ ಎಂಬ ಪ್ರಶ್ನೆ ಹಾಡು ಹೊಡೆದಾಟದ ಪ್ರಶ್ನೆಯಲ್ಲ. ಇಂಥ ಕಥೆ ಅಷ್ಟು ದೊಡ್ಡ ಯಶಸ್ಸು ಕಂಡ ಮೇಲೂ ಜನಕ್ಕೆ ಭಾರದ ವಿಷಯ ಬೇಡ ಎಂಬ ಮಾತು ಗಾಂಧಿನಗರದಲ್ಲಿ ಬದುಕಿ ಉಳಿದದ್ದು ಹೇಗೆಂದು ಕೇಳಬೇಕು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದಾಗಿಸಿ ಪುಟ್ಟಣ್ಣ ಕಣಗಾಲ್ 1972ರ ಕೊನೆಯಲ್ಲಿ ‘ನಾಗರಹಾವು’ ತಂದಾಗ ಸ್ವತಃ ಲೇಖಕರೇ ಇದು ನಾಗರಹಾವಲ್ಲ, ಕೇರೆಹಾವು ಎಂದರೆಂಬುದು ಪ್ರಸಿದ್ಧ. ಲೇಖಕರ ಆ ಸಿಟ್ಟು ಉಳಿಯಿತು, ಚಿತ್ರದ ಗೆಲುವಿನ ಲೆಕ್ಕವೂ ಉಳಿಯಿತು. ಎರಡನ್ನೂ ಓದಿ, ನೋಡಿ, ನಾಯಕ ರಾಮಾಚಾರಿಯ ಕೊನೆಯನ್ನು ಒಪ್ಪಬೇಕೋ ಬೇಡವೋ ಎಂದು ವಾದಿಸಿದ ಸಾವಿರಾರು ಓದುಗ-ನೋಡುಗರ ಮಾತು ಉಳಿಯಲಿಲ್ಲ.

ಹಾಗಾದರೆ ಅಕ್ಷರ ಗೊತ್ತಿದ್ದವರ ಮಾತು ಬೇರೆ, ಅಕ್ಷರವಿಲ್ಲದ ಹಳ್ಳಿಗನ ಮಾತು ಬೇರೆ ಎನ್ನಬಹುದೇ? ಇದಕ್ಕೆ ಎರಡು ಕಡೆಯಿಂದ ಉತ್ತರ ಸಿಗುತ್ತದೆ, ಎರಡೂ ಕರ್ನಾಟಕದವೇ. ಮೊದಲನೆಯದು ಸಾಗರ ತಾಲ್ಲೂಕಿನ ಹೆಗ್ಗೋಡು. ಫಿಲ್ಮ್ ಸೊಸೈಟಿ ಚಳವಳಿ ನಮ್ಮಲ್ಲಿ ಹುಟ್ಟಿದ್ದು ನಗರದ ಓದಿದ ಜನರ ನಡುವೆ. ಬೆಂಗಳೂರಿನ ಸುಚಿತ್ರಾ 1971ರಲ್ಲಿ ಶುರುವಾಯಿತು. ಅದಾದ ಎರಡೇ ವರ್ಷಕ್ಕೆ, 1973ರಲ್ಲಿ, ಕೆ.ವಿ. ಸುಬ್ಬಣ್ಣ ಅಡಿಕೆ ತೋಟಗಳ ನಡುವಿನ ಆ ಚಿಕ್ಕ ಊರಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಕುರೊಸಾವಾ, ಡಿ ಸಿಕಾ, ಸತ್ಯಜಿತ್ ರಾಯ್ ಅವರ ಚಿತ್ರಗಳನ್ನು ಊರಿನ ರೈತರು, ಕೂಲಿಕಾರರು, ಮಾಸ್ತರರು, ಹೆಂಗಸರು ಕೂತು ನೋಡಿದರು. ಜಪಾನಿ, ಇಟಾಲಿಯನ್ ಬಾರದಿದ್ದರೂ ಕನ್ನಡದ ಪರಿಚಯದ ನೆರವಿನಿಂದ ನೋಡಿದರು, ನೋಡಿ ಚರ್ಚಿಸಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಸತೀಶ್ ಬಹಾದೂರ್ ಅಂಥವರು ಬಂದು ರಸಗ್ರಹಣ ಶಿಬಿರಗಳಲ್ಲಿ ಪಾಠ ಮಾಡಿದರು. ಎಂಬತ್ತರ ದಶಕದಲ್ಲಿ ನೀನಾಸಂ ‘ಜನಸ್ಪಂದನ’ ಯೋಜನೆಯ ಮೂಲಕ ಇದೇ ಕೆಲಸವನ್ನು ಹೆಗ್ಗೋಡಿನಾಚೆಯ ಹಳ್ಳಿಗಳಿಗೂ ಒಯ್ದಿತು. ಸುಬ್ಬಣ್ಣನವರ ಕೆಲಸದ ಮೂಲದಲ್ಲಿದ್ದುದು ಒಂದೇ ನಂಬಿಕೆ: ಡಿ ಸಿಕಾ ಚಿತ್ರದಲ್ಲಿ ಕಳ್ಳತನವಾದ ಸೈಕಲ್ಲಿಗಾಗಿ ಊರೆಲ್ಲ ಅಲೆಯುವ ಬಡವನ ಕಥೆ ರೋಮಿನವನಿಗೆ ಅರ್ಥವಾದರೆ ಹೆಗ್ಗೋಡಿನವನಿಗೆ ಯಾಕಾಗದು? 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಎಲ್ಲರೂ ಸಂಭ್ರಮಿಸಿದರು. ಆದರೆ ಅವರು ತೋರಿಸಿಕೊಟ್ಟ ಸಂಗತಿಯನ್ನು, ಅಂದರೆ ಹಳ್ಳಿಯ ನೋಡುಗನಿಗೆ ಕೇಳಿದರೆ ಹೇಳುವುದಿದೆ ಎಂಬುದನ್ನು, ಚಿತ್ರೋದ್ಯಮ ತನ್ನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಹೆಗ್ಗೋಡು ಒಬ್ಬ ಅಸಾಮಾನ್ಯ ಮನುಷ್ಯ ಕಟ್ಟಿದ ಅಪವಾದ ಎನ್ನುವವರಿದ್ದಾರೆ. ಅವರಿಗೆ ಎರಡನೆಯ ಉತ್ತರ ರಾಜ್ಯದ ಇನ್ನೊಂದು ಮೂಲೆಯಲ್ಲಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ನಮ್ಮ ಇಸ್ರೊ ‘ಸೈಟ್’ ಎಂಬ ದೂರದರ್ಶನ ಪ್ರಯೋಗ ನಡೆಸಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಕರ್ನಾಟಕದ ಪಾಲಿಗೆ ಬಂದದ್ದು ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರು ಟಿ.ವಿ. ಕಂಡದ್ದು 1981ರಲ್ಲಿ ಎಂಬುದನ್ನು ನೆನೆದರೆ ಇದರ ವಿಶೇಷ ತಿಳಿಯುತ್ತದೆ: ಕನ್ನಡದ ಮೊದಲ ಟಿ.ವಿ. ವೀಕ್ಷಕರು ರಾಜಧಾನಿಯವರಲ್ಲ, ಜೋಳದ ಹೊಲಗಳ ಕಡೆಯವರು. ಶಾಲೆಯಲ್ಲೋ ಪಂಚಾಯ್ತಿ ಕಟ್ಟಡದಲ್ಲೋ ಒಂದು ಸೆಟ್ಟು, ಮೇಲೆ ತಂತಿ ಬಲೆಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಮುಂದೆ ನೆಲದ ಮೇಲೆ ಊರಿನ ಜನ. ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಈ ಪ್ರಯೋಗದಲ್ಲಿ ತಂತ್ರಜ್ಞಾನಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಅದರ ಜೊತೆಗಿದ್ದ ಸಮಾಜವಿಜ್ಞಾನಿಗಳ ಪಡೆ. ಅವರು ಹಳ್ಳಿಗಳಲ್ಲಿ ಉಳಿದು, ಯಾರು ಬರುತ್ತಾರೆ, ಯಾರು ಎದ್ದು ಹೋಗುತ್ತಾರೆ, ನೋಡಿದ್ದು ಏನೆನಿಸಿತು ಎಂದು ಕೇಳಿ ಬರೆದುಕೊಂಡರು. ಸಾಮಾನ್ಯ ವೀಕ್ಷಕನ ಅಭಿಪ್ರಾಯವನ್ನು ಇಷ್ಟು ಶ್ರದ್ಧೆಯಿಂದ ವಿಚಾರಿಸಿದ ಉದಾಹರಣೆ ನಮ್ಮಲ್ಲಿ ಬಹಳ ಅಪರೂಪ. ಆ ಅಧ್ಯಯನದಲ್ಲಿ ಕಂಡ ಒಂದು ಮುಖ್ಯ ಸಂಗತಿಯೆಂದರೆ, ಮನರಂಜನೆ ಎಂದು ಹಾಕಿದ ಸಾಂಸ್ಕೃತಿಕ ಕಾರ್ಯಕ್ರಮಗಳಿಗಿಂತ ಬೇಸಾಯ, ಆರೋಗ್ಯದಂಥ ತಿಳಿವಳಿಕೆಯ ಕಾರ್ಯಕ್ರಮಗಳನ್ನೇ ಹಳ್ಳಿಯವರು ಮೇಲೆಂದು ಹೇಳಿದ್ದು. ಹಳ್ಳಿಗನಿಗೆ ಕುಣಿತ ಹಾಡು ಬೇಕೆಂದು ನಗರದಲ್ಲಿ ಕೂತು ಊಹಿಸಿದವರಿಗೆ ಅದು ನೇರವಾದ ಉತ್ತರ. ವರ್ಷ ಮುಗಿದು ಉಪಗ್ರಹ ಹಿಂದಿರುಗಿತು. 1977ರಲ್ಲಿ ಗುಲ್ಬರ್ಗದಲ್ಲಿ ಪ್ರಸಾರ ಕೇಂದ್ರ ಬಂತು. ಯಂತ್ರ ಮುಂದುವರಿಯಿತು, ಕೇಳುವ ಅಭ್ಯಾಸ ಮುಂದುವರಿಯಲಿಲ್ಲ.

ಖಾಸಗಿ ವಾಹಿನಿಗಳು ಬಂದ ಮೇಲೆ ಕೇಳುವ ಕೆಲಸವನ್ನು ಮೀಟರಿಗೆ ವಹಿಸಲಾಯಿತು. ಆಯ್ದ ಮನೆಯ ಟಿ.ವಿ.ಗೆ ಒಂದು ಪೆಟ್ಟಿಗೆ ಜೋಡಿಸಿ, ಮನೆಯ ಪ್ರತಿಯೊಬ್ಬರಿಗೂ ರಿಮೋಟಿನಲ್ಲಿ ಒಂದೊಂದು ಗುಂಡಿ ಕೊಡುತ್ತಾರೆ. ನೋಡಲು ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಅತ್ತೆ-ಸೊಸೆಯ ಕದನವನ್ನು ಮೆಚ್ಚಿ ನೋಡುವ ಹೆಂಗಸೂ, ಇದೇನು ಹುಚ್ಚಾಟ ಎಂದು ಬೈಯುತ್ತ ನೋಡುವ ಹೆಂಗಸೂ, ಬೇರೇನೂ ಇಲ್ಲವಲ್ಲ ಎಂದು ಹಚ್ಚಿಟ್ಟು ಸೊಪ್ಪು ಬಿಡಿಸುವ ಹೆಂಗಸೂ ಆ ಪೆಟ್ಟಿಗೆಗೆ ಒಂದೇ. ಅದಕ್ಕೂ ಮುಖ್ಯವಾಗಿ, 2015ರಲ್ಲಿ ಬಾರ್ಕ್ ಎಂಬ ವೀಕ್ಷಕರ ಅಳತೆಯ ಸಂಸ್ಥೆ ಬಂದು ಗ್ರಾಮೀಣ ಮನೆಗಳನ್ನು ಸೇರಿಸುವವರೆಗೆ ಟಿಆರ್‌ಪಿ ಎಂಬ ಈ ಲೆಕ್ಕದಲ್ಲಿ ಹಳ್ಳಿಗಳೇ ಇರಲಿಲ್ಲ. ಅಂದರೆ ಕನ್ನಡ ಧಾರಾವಾಹಿಗಳು ರೂಪು ಪಡೆದ ಆ ಇಪ್ಪತ್ತು ವರ್ಷ, ಕನ್ನಡದ ಮನೆಗಳಿಗೆ ಏನು ಬೇಕು ಎಂದು ವಾಹಿನಿಗಳು ಹೇಳಿದ್ದೆಲ್ಲ ಪಟ್ಟಣದ ಕೆಲವು ಮನೆಗಳ ಗುಂಡಿಗಳ ಮಾತು. ಇದರ ನಡುವೆಯೂ ಟಿ.ಎನ್. ಸೀತಾರಾಂ 1998ರ ‘ಮಾಯಾಮೃಗ’ದಿಂದ ಶುರುಮಾಡಿ ‘ಮನ್ವಂತರ’, ‘ಮುಕ್ತ’ದವರೆಗೆ ಭೂಮಿ, ಕಾನೂನು, ರಾಜಕಾರಣವನ್ನು ಮನೆಯ ಹಜಾರಕ್ಕೆ ತಂದರು. ‘ಮುಕ್ತ ಮುಕ್ತ’ ಧಾರಾವಾಹಿಯ ಕಾಲದಲ್ಲಿ ಊರುಗಳಿಗೆ ಹೋಗಿ ವೀಕ್ಷಕರ ಎದುರು ಕೂತು ಸಂವಾದ ನಡೆಸಿದರು. ಧಾರಾವಾಹಿಯ ಬಗ್ಗೆ ಜನ ಎದ್ದುನಿಂತು ಪ್ರಶ್ನೆ ಕೇಳಿದ ಆ ಸಭೆಗಳು ಕಂಪನಿ ನಾಟಕದ ನಂತರ ನೋಡುಗನಿಗೆ ಮತ್ತೆ ಸಿಕ್ಕ ನೇರ ಮಾತಿನ ಅವಕಾಶ.

ನೋಡುಗನ ಪರವಾಗಿ ಬೇರೆಯವರು ಮಾತಾಡಿದ್ದರ ಅತಿ ದೊಡ್ಡ ಪ್ರಕರಣ ಡಬ್ಬಿಂಗ್‌ನದು. ಅರವತ್ತರ ದಶಕದಲ್ಲಿ ಅ.ನ.ಕೃ., ಮ. ರಾಮಮೂರ್ತಿ ಮುಂತಾದವರು ಡಬ್ಬಿಂಗ್ ವಿರುದ್ಧ ಹೋರಾಡಿದ್ದಕ್ಕೆ ಕಾರಣವಿತ್ತು, ಅದನ್ನು ಗೌರವದಿಂದಲೇ ನೆನೆಯಬೇಕು. ಆಗ ಕನ್ನಡ ಚಿತ್ರಗಳ ತಯಾರಿಕೆ ಮದ್ರಾಸಿನ ಸ್ಟುಡಿಯೊಗಳ ನೆರಳಿನಲ್ಲಿತ್ತು, ವರ್ಷಕ್ಕೆ ಬರುವ ಚಿತ್ರಗಳು ಬೆರಳೆಣಿಕೆಯವು, ಡಬ್ ಆದ ಚಿತ್ರಗಳು ಕಲಾವಿದರ ಅನ್ನಕ್ಕೆ ಅಡ್ಡ ಬರುತ್ತಿದ್ದವು. ಆ ಹೋರಾಟವಿಲ್ಲದಿದ್ದರೆ ಕನ್ನಡ ಚಿತ್ರರಂಗ ಬೆಳೆಯುತ್ತಿರಲಿಲ್ಲ ಎಂಬ ವಾದವನ್ನು ತಳ್ಳಿಹಾಕಲಾಗದು. ಆದರೆ ತುರ್ತಿಗೆ ಹಾಕಿದ ಕಟ್ಟು ಐವತ್ತು ವರ್ಷ ಬಿಚ್ಚದೆ ಉಳಿಯಿತು, ಯಾವ ಕಾನೂನೂ ಅದನ್ನು ಹೇಳದಿದ್ದರೂ. ಆ ಐವತ್ತು ವರ್ಷ ಕನ್ನಡಿಗ ತಮಿಳು, ತೆಲುಗು, ಹಿಂದಿ, ಇಂಗ್ಲಿಷ್ ಚಿತ್ರಗಳನ್ನು ನೋಡುವುದನ್ನು ಬಿಡಲಿಲ್ಲ, ಆಯಾ ಭಾಷೆಯಲ್ಲೇ ನೋಡಿದ. ರಾಮಾಯಣ, ಮಹಾಭಾರತ ಧಾರಾವಾಹಿಗಳನ್ನು ಹಳ್ಳಿಯ ಅಜ್ಜಿಯರು ಹಿಂದಿಯಲ್ಲೇ ನೋಡಿದರು. ನಿಂತದ್ದು ಪರಭಾಷೆಯ ಚಿತ್ರವಲ್ಲ, ಅದರೊಳಗೆ ಬರಬಹುದಾಗಿದ್ದ ಕನ್ನಡ. 2012ರಲ್ಲಿ ಆಮಿರ್ ಖಾನ್ ನಡೆಸಿಕೊಟ್ಟ ‘ಸತ್ಯಮೇವ ಜಯತೆ’ ಹಲವು ಭಾಷೆಗಳಲ್ಲಿ ಪ್ರಸಾರವಾಯಿತು, ಕನ್ನಡದಲ್ಲಿ ಆಗಲಿಲ್ಲ; ಹೆಣ್ಣು ಭ್ರೂಣಹತ್ಯೆಯ ಬಗೆಗಿನ ಮಾತನ್ನು ಕನ್ನಡದಲ್ಲಿ ಕೇಳುವ ಹಕ್ಕನ್ನು ಕನ್ನಡಿಗನ ಹೆಸರಿನಲ್ಲೇ ತಡೆಯಲಾಯಿತು. ನೋಡುಗರು ಕೊನೆಗೆ ಗ್ರಾಹಕರಾಗಿ ಎದ್ದು ನಿಂತರು. ಕನ್ನಡ ಗ್ರಾಹಕರ ಕೂಟದ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2015ರ ಜುಲೈನಲ್ಲಿ ಆದೇಶ ಕೊಟ್ಟು, ಡಬ್ಬಿಂಗ್ ತಡೆಯುವುದು ಸ್ಪರ್ಧೆಗೆ ಧಕ್ಕೆ ಎಂದು ಹೇಳಿ, ಚಲನಚಿತ್ರ ವಾಣಿಜ್ಯ ಮಂಡಳಿಯೂ ಸೇರಿ ಸಂಘಟನೆಗಳಿಗೆ ದಂಡ ಹಾಕಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಕನ್ನಡಕ್ಕೆ ಡಬ್ ಆಗಿ ತೆರೆಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಕನ್ನಡದ ‘ಮಹಾಭಾರತ’ವನ್ನು ಮನೆಮಂದಿಯೆಲ್ಲ ಕೂತು ನೋಡಿದರು. ಚಿತ್ರರಂಗ ಮುಳುಗಲಿಲ್ಲ. 2022ರಲ್ಲಿ ಕನ್ನಡದಲ್ಲಷ್ಟೇ ಬಿಡುಗಡೆಯಾದ ‘ಕಾಂತಾರ’ವನ್ನು ನೋಡಿದವರ ಬಾಯಿಮಾತೇ ಎರಡು ವಾರದಲ್ಲಿ ಹಿಂದಿ, ತೆಲುಗು, ತಮಿಳು ಡಬ್ಬಿಂಗಿಗೆ ಒತ್ತಾಯ ತಂದಿತು. ಅರ್ಧ ಶತಮಾನ ಹೆದರಿದ ಬಾಗಿಲಿನಿಂದಲೇ ಕನ್ನಡ ಚಿತ್ರ ಹೊರಗೆ ಹೋಗಿ ಗೆದ್ದು ಬಂತು.

ಇಂದು ಎಲ್ಲರ ಕೈಯಲ್ಲೂ ಫೋನಿದೆ, ಎಲ್ಲರೂ ಚಿತ್ರದ ಬಗ್ಗೆ ಮಾತಾಡುತ್ತಿದ್ದಾರೆ, ಇನ್ನೇನು ಕೊರತೆ ಎಂದು ಕೇಳಬಹುದು. ಅಭಿಮಾನಿ ಬಣಗಳ ಬೈದಾಟ, ದುಡ್ಡಿಗೆ ಬರೆಸಿದ ಹೊಗಳಿಕೆ, ದುಡ್ಡಿಗೆ ಬರೆಸಿದ ತೆಗಳಿಕೆ ಇವೆಲ್ಲ ಇರುವುದು ನಿಜ, ಇದರಿಂದ ನಿರ್ಮಾಪಕರಿಗೆ ಆಗುವ ನಷ್ಟವೂ ನಿಜ. ಇತ್ತೀಚಿನ ವರ್ಷಗಳಲ್ಲಿ ಕೆಲವು ಕನ್ನಡ ಚಿತ್ರಗಳ ನಿರ್ಮಾಪಕರು ನ್ಯಾಯಾಲಯದ ಆದೇಶ ತಂದು ಟಿಕೆಟ್ ಆ್ಯಪಿನಲ್ಲಿ ಅಂಕ, ಅಭಿಪ್ರಾಯಗಳು ಕಾಣದಂತೆ ಮಾಡಿದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ, ಆದರೆ ಔಷಧ ತಪ್ಪು. ಹತ್ತು ಸುಳ್ಳು ಮಾತನ್ನು ತಡೆಯಲು ನೂರು ಪ್ರಾಮಾಣಿಕ ಮಾತನ್ನು ಅಳಿಸಿದರೆ ನಾವು ಮತ್ತೆ ಡಿಸಿಆರ್ ಹಾಳೆಗೇ ಬಂದು ನಿಲ್ಲುತ್ತೇವೆ: ದುಡ್ಡು ಕೊಡುವುದಕ್ಕೆ ನೋಡುಗ ಬೇಕು, ಹೇಳುವುದಕ್ಕೆ ಬೇಡ. ಫೋನಿನ ಮಾತು ಕಿರಿದು, ಆತುರದ್ದು, ಒರಟು ಎನ್ನುವುದು ಒಪ್ಪತಕ್ಕದ್ದೇ. ಹೆಗ್ಗೋಡಿನಲ್ಲಿ ಒಳ್ಳೆಯ ಮಾತು ಬಂದದ್ದು ಅಲ್ಲಿನವರು ಬೇರೆ ಜಾತಿಯ ಮನುಷ್ಯರಾಗಿದ್ದರಿಂದಲ್ಲ, ಅಲ್ಲಿ ಕೂತು ಮಾತಾಡಲು ಜಾಗ, ಸಮಯ, ಕೇಳುವ ಕಿವಿ ಇದ್ದುದರಿಂದ. ಅದನ್ನು ಕಟ್ಟಿಕೊಡದೆ ನೋಡುಗನ ಮಾತು ಹಗುರ ಎಂದು ದೂರುವ ಹಕ್ಕು ಯಾರಿಗೂ ಇಲ್ಲ.

ಮಾಡಬಹುದಾದ ಕೆಲಸ ಇನ್ನೂ ಇದೆ. ‘ರೂಪತಾರಾ’, ‘ವಿಜಯಚಿತ್ರ’ದಂಥ ಪತ್ರಿಕೆಗಳ ಓದುಗರ ಪತ್ರಗಳು ಮತ್ತು ಪ್ರಶ್ನೋತ್ತರ ಪುಟಗಳು, ವಾರಪತ್ರಿಕೆಗಳ ವಾಚಕರ ವಾಣಿ, ಫಿಲ್ಮ್ ಸೊಸೈಟಿಗಳ ಚರ್ಚೆಯ ಟಿಪ್ಪಣಿ, ಸೈಟ್ ಕಾಲದ ಹಳ್ಳಿಗಳ ವರದಿ, ಟೆಂಟಿನಲ್ಲಿ ಸಿನಿಮಾ ನೋಡಿದ ಹಿರಿಯರ ನೆನಪು, ಇವನ್ನೆಲ್ಲ ಒಂದೆಡೆ ತರುವ ಕೆಲಸವನ್ನು ಚಲನಚಿತ್ರ ಅಕಾಡೆಮಿಯೋ ಒಂದು ವಿಶ್ವವಿದ್ಯಾಲಯದ ಕನ್ನಡ ವಿಭಾಗವೋ ಕೈಗೆತ್ತಿಕೊಳ್ಳಬೇಕು. ‘ಬಂಗಾರದ ಮನುಷ್ಯ’ವನ್ನು ಮೊದಲ ವರ್ಷದಲ್ಲೇ, ಯೌವನದಲ್ಲಿ ನೋಡಿದವರಿಗೆ ಈಗ ಎಪ್ಪತ್ತು ದಾಟಿದೆ. ನಿಮ್ಮ ಮನೆಯಲ್ಲಿ ಅಂಥವರಿದ್ದರೆ, ಆ ಚಿತ್ರ ಎಷ್ಟು ದಿನ ಓಡಿತು ಎಂದು ಕೇಳಬೇಡಿ, ಅದು ಎಲ್ಲ ಪುಸ್ತಕದಲ್ಲೂ ಇದೆ. ನೋಡಿದಾಗ ಏನನ್ನಿಸಿತು, ನಾಯಕ ರಾಜೀವ ಕೊನೆಗೆ ಊರು ಬಿಟ್ಟು ಹೋದದ್ದು ಸರಿಯೆನಿಸಿತೇ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ.